ತೊಂಬತ್ತು ದಾಟಿದವರ ಎಪಿಒಇ: ಹಳೇ ಜೆಲ್‌ನಲ್ಲೇ ಓದಿದೆ

ಎಪಿಒಇ ಅನ್ನುವುದು ಆಯುಷ್ಯದ ಜೊತೆ ನಂಟಿರುವ ಒಂದು ಜೀನ್. ಅದಕ್ಕೆ ಇ2, ಇ3, ಇ4 ಅಂತ ಮೂರು ರೂಪ, ಒಬ್ಬೊಬ್ಬರಲ್ಲಿ ಎರಡು ಪ್ರತಿ. ಅದರ ತುಣುಕನ್ನು ಎಚ್‌ಎಚ್‌ಎ-1 ಅನ್ನುವ ಎಂಜೈಮಿನಿಂದ ಕತ್ತರಿಸಿ, ಚೂರುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓದುವ ಪದ್ಧತಿ 1990ರದು. ತೊಂಬತ್ತು ದಾಟಿದವರ ಕೆನ್ನೆಯ ಸ್ವಾಬ್ ಇಟ್ಟುಕೊಂಡು ಅದನ್ನೇ ಮಾಡುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಈ ಕಾಲದಲ್ಲಿ ಜೆಲ್ ಯಾರು ಓದ್ತಾರೆ ಸರ್, ಚಿಪ್‌ಗೆ ಹಾಕಿ ಮುಗಿಸಿ" ಅಂದರು. ಮೂರು ವರ್ಷ ಹಿಡಿಯಿತು. ಕೊನೆಗೆ ಕೆಲಸ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಸಲಕ್ಕೆ ಡಿಎನ್‌ಎಯ ಲಕ್ಷಾಂತರ ಜಾಗಗಳನ್ನು ಓದುವ ಈ ಚಿಪ್‌ನ ಹಾದಿ ನಾನು ಹಿಡಿಯದೆ ಬಿಟ್ಟವನಲ್ಲ. ಗ್ರಾಂಟ್‌ನ ಹೆಚ್ಚುಕಮ್ಮಿ ಮೂರನೇ ಒಂದು ಭಾಗವನ್ನು ಹೊರಗಿನ ಲ್ಯಾಬೊಂದಕ್ಕೆ ಸುರಿದೆ. ಹಿರಿಯರ ಸ್ಯಾಂಪಲ್ ಮೊದಲು ಹೋಯಿತು, ಕಂಟ್ರೋಲ್, ಅಂದರೆ ಹೋಲಿಕೆಗೆ ಇಟ್ಟುಕೊಂಡವರದು, ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಅವರು ಚಿಪ್‌ನ ಆವೃತ್ತಿ ಬದಲಿಸಿದ್ದರು, ನನಗೆ ಹೇಳಲೇ ಇಲ್ಲ. ಫಲಿತಾಂಶದಲ್ಲಿ ಹತ್ತಾರು ಕಡೆ ಭಾರೀ ವ್ಯತ್ಯಾಸ ಎದ್ದು ಕಂಡಿತು. ಎಲ್ಲಾ ಚಿಪ್‌ನದೇ, ಮನುಷ್ಯರದಲ್ಲ. ನೂರು ದಾಟಿದವರ ಬಗ್ಗೆ 2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಪ್ರಬಂಧವನ್ನು ಮರುವರ್ಷ ಹಿಂಪಡೆದಿದ್ದೂ ಚಿಪ್‌ನ ತೊಂದರೆಯಿಂದಲೇ. ಅದು ಗೊತ್ತಿದ್ದೂ ನಾನು ಅದೇ ಗುಂಡಿಗೆ ಬಿದ್ದೆ. ಹೋದ ದುಡ್ಡು ವಾಪಸ್ ಬರಲಿಲ್ಲ.

ಉಳಿದ ದುಡ್ಡಿಗೆ ಜೆಲ್ಲೇ ಗತಿ. ಮೊದಲ ಎರಡು ಪ್ಲೇಟ್ (ಹಲವರ ಸ್ಯಾಂಪಲ್ ಒಟ್ಟಿಗೆ ಹಾಕುವ ತಟ್ಟೆ) ಓದಿದಾಗ ಕುಣಿಯುವಷ್ಟು ಸಂತೋಷ: ಹಿರಿಯರಲ್ಲಿ ಇ2 ಕಂಟ್ರೋಲ್‌ಗಿಂತ ಮೂರು ಪಟ್ಟು! ಒಂದು ವಾರ ನಿದ್ದೆ ಬರಲಿಲ್ಲ. ಆಮೇಲೆ ಒಂದು ರಾತ್ರಿ ಅದೇ ಜೆಲ್‌ನ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಾ ಕೂತೆ. ಡಿಎನ್‌ಎಯ 91 ಅಕ್ಷರ ಉದ್ದದ ಚೂರಿನ ಗೆರೆ, ಅಂದರೆ ಬ್ಯಾಂಡ್, ಅದರ ಕೆಳಗೆ ಇ2ಯ ಗುರುತಾದ 83ರದು ಇದೆ, ನಿಜ. ಆದರೆ ಒಂದು ಲೇನ್‌ನಲ್ಲಿ (ಒಬ್ಬರ ಸ್ಯಾಂಪಲ್ ಓಡುವ ಸಾಲು) ಗಟ್ಟಿ, ಪಕ್ಕದ್ದರಲ್ಲಿ ಉಸಿರು ಹಿಡಿದಂತೆ ತೆಳು. ನಿಜವಾದ ಇ2/ಇ3 (ಒಂದು ಪ್ರತಿ ಇ2, ಇನ್ನೊಂದು ಇ3) ಆಗಿದ್ದರೆ ಎಲ್ಲ ಲೇನ್‌ನಲ್ಲೂ ಒಂದೇ ಹದದಲ್ಲಿ ಬರಬೇಕಿತ್ತು. ಇ3ಯಲ್ಲಿ ಎಂಜೈಮ್ ಪೂರ್ತಿ ಕತ್ತರಿಸದೇ ಹೋದರೆ 48, 35 ಆಗಬೇಕಾದ ತುಣುಕು 83ರಲ್ಲೇ ನಿಂತುಬಿಡುತ್ತದೆ, ನೋಡುವವರಿಗೆ ಇ2 ಅನ್ನಿಸುತ್ತದೆ. ವಯಸ್ಸಾದವರ ಬಾಯಿ ಒಣಗಿರುತ್ತದೆ, ಸ್ವಾಬ್‌ಗೆ ಜೀವಕೋಶ ಕಮ್ಮಿ, ಕೊಳೆ ಜಾಸ್ತಿ, ಎಂಜೈಮ್ ಅಲ್ಲೇ ಸೋಲುತ್ತದೆ. ಅಂದರೆ ನಾನು ದೀರ್ಘಾಯುಷ್ಯದ ಗುರುತು ಅಂದುಕೊಂಡದ್ದು ಒಣಬಾಯಿಯ ಗುರುತಾಗಿತ್ತು.

ಅಲ್ಲಿಂದ ಎಲ್ಲ ಬದಲಿಸಿದೆ. ಸ್ವಾಬ್‌ಗೆ ಮುಂಚೆ ಎರಡು ಗುಟುಕು ನೀರು, ಹದಿನೈದು ನಿಮಿಷ ಬಿಡುವು. 97 ದಾಟಿದ ಅಜ್ಜಿಯೊಬ್ಬರಿಂದ ಮೂರು ಸಲ ಬರಿದಾಗಿ ಬಂದ ಸ್ವಾಬ್ ನಾಲ್ಕನೇ ಸಲ ಕೈಕೊಡಲಿಲ್ಲ. ಡಿಎನ್‌ಎ ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಈ ಜೀನ್‌ನಲ್ಲಿ ಡಿಎಂಎಸ್‌ಓ ಅನ್ನುವ ದ್ರಾವಕ ಎಲ್ಲರೂ ಹಾಕುತ್ತಾರೆ, ಎಷ್ಟು ಅನ್ನುವುದನ್ನು ನಿಮ್ಮ ಮೆಷಿನ್ನೇ ಹೇಳಬೇಕು. ಪಿಸಿಆರ್ ಆದಮೇಲೆ ಕ್ಲೀನಪ್ ಬಿಡಬೇಡಿ. ಎಂಜೈಮ್ ಎರಡು ಕಂತಿನಲ್ಲಿ, ರಾತ್ರಿಯಿಡೀ. ಪ್ರತಿ ಪ್ಲೇಟ್‌ನಲ್ಲೂ ಗೊತ್ತಿರುವ ಒಂದು ಇ4/ಇ4 ಸ್ಯಾಂಪಲ್: ಪೂರ್ತಿ ಕತ್ತರಿಸಿದ ಇ4ರಲ್ಲಿ 91 ಉಳಿಯುವುದಿಲ್ಲ, ಅದರಲ್ಲಿ 91 ಇಣುಕಿದರೆ ಇಡೀ ಪ್ಲೇಟ್ ಕಸಕ್ಕೆ. ಹೀಗೆ ಏಳೋ ಎಂಟೋ ಪ್ಲೇಟ್ ಎಸೆದಿದ್ದೇನೆ. ಕೆಟ್ಟ ಸ್ವಾಬ್ ಉಳಿಸಲು ಇನ್ನೊಂದು ಉಪಾಯ ಇದೆ, ಅದನ್ನು ಈಗ ಹೇಳುವುದಿಲ್ಲ. ಪ್ರಬಂಧ ಅಚ್ಚಾಗಲಿ.

ಕಂಟ್ರೋಲ್ ವಿಷಯಕ್ಕೂ ಬೈಸಿಕೊಂಡೆ. ತೊಂಬತ್ತು ದಾಟಿದವರಿಗೆ ಸರಿಜೋಡಿ ಎಲ್ಲಿಂದ ತರುವುದು? ಅವರ ಓರಗೆಯವರೆಲ್ಲ ಹೋಗಿದ್ದಾರೆ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ದೀರ್ಘಾಯುಷ್ಯದ ಅಧ್ಯಯನ ಮಾಡಿದವರ ದಾರಿಯನ್ನೇ ಹಿಡಿದೆ: ಹಿರಿಯರ ಮಕ್ಕಳು, ಅವರೆದುರು ಆ ಮಕ್ಕಳ ಗಂಡ ಅಥವಾ ಹೆಂಡತಿ. ಒಂದೇ ಮನೆ, ಒಂದೇ ಊಟ, ಹತ್ತಿರದ ವಯಸ್ಸು. ಹಿರಿಯ, ಮಗ, ಸೊಸೆ ಮೂವರನ್ನೂ ಒಂದೇ ಪ್ಲೇಟ್‌ನಲ್ಲಿ ಕೂರಿಸಿ, ಹೆಸರು ಮುಚ್ಚಿ ಓದಿದೆ. ವಯಸ್ಸಿನ ದಾಖಲೆ ಇಲ್ಲದ ಸುಮಾರು ನಲವತ್ತು ಹಿರಿಯರನ್ನು ಕೈಬಿಡಬೇಕಾಯಿತು. ಒಬ್ಬರ ವಯಸ್ಸು ಅವರ ಅಣ್ಣನಿಗಿಂತ ಜಾಸ್ತಿ ಇತ್ತು. ಉಳಿದವರು 180ರ ಆಸುಪಾಸು.

ನಡುವೆ ಒಂದು ಅಡ್ಡದಾರಿ. ಸ್ಯಾಂಪಲ್ ಅದಲುಬದಲಾಗಿಲ್ಲ ಅಂತ ಖಾತ್ರಿ ಮಾಡಲು ಎಕ್ಸ್, ವೈ ಕ್ರೋಮೋಸೋಮ್ ನೋಡಿ ಗಂಡೋ ಹೆಣ್ಣೋ ಹೇಳುವ ಅಮೆಲೊಜೆನಿನ್ ಪಿಸಿಆರ್ ಓಡಿಸುತ್ತೇನೆ. ರಕ್ತವನ್ನೂ ಕೊಟ್ಟಿದ್ದ ಮೂರ್ನಾಲ್ಕು ಅಜ್ಜಂದಿರಲ್ಲಿ ವೈ ಬ್ಯಾಂಡ್ ಮಾಸಿಹೋಗಿತ್ತು! ಟ್ಯೂಬ್ ಬದಲಾಯಿತು ಅಂತ ಸಹಾಯಕನ ಮೇಲೆ ರೇಗಿದೆ. ಅವರದೇ ಸ್ವಾಬ್‌ನಲ್ಲಿ ವೈ ಸ್ಪಷ್ಟವಾಗಿ ಬಂತು. ವಯಸ್ಸಾದಂತೆ ಗಂಡಸರ ರಕ್ತಕಣಗಳು ವೈ ಕ್ರೋಮೋಸೋಮನ್ನೇ ಕಳೆದುಕೊಳ್ಳುವುದನ್ನು ಓದಿದ್ದೆ, ನನ್ನ ಜೆಲ್‌ನಲ್ಲಿ ನೋಡಿದ್ದು ಅದೇ ಮೊದಲು. ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಎರಡು ತಿಂಗಳು ಇದರ ಬೆನ್ನು ಹತ್ತಿ ಬೇರೆ ಕೆಲಸ ನಿಲ್ಲಿಸಿದ್ದೆ, ಅದಕ್ಕೆ ಬೇಸರವೇನಿಲ್ಲ.

ಕಡೆಗೆ ಬಂದದ್ದು: ಹಿರಿಯರಲ್ಲಿ ಇ4 ಸೊಸೆ-ಅಳಿಯಂದಿರಲ್ಲಿ ಇದ್ದುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಇ2 ಸ್ವಲ್ಪ ಜಾಸ್ತಿ, ಮೂರು ಪಟ್ಟಂತೂ ಅಲ್ಲ. ಮಕ್ಕಳು ಇಬ್ಬರ ನಡುವೆ. ಫ್ರಾನ್ಸಿನ ಶತಾಯುಷಿಗಳಲ್ಲಿ 1994ರಲ್ಲೇ ಕಂಡ ದಿಕ್ಕೇ ಇದು. ಚಿಪ್ ಅಂದವರಲ್ಲಿ ಇಬ್ಬರು ಈಗ ನನ್ನ ಪ್ರೋಟೋಕಾಲ್ ಕೇಳಿ ಒಯ್ದಿದ್ದಾರೆ.

ದೀರ್ಘಾಯುಷ್ಯದ ಜೊತೆ ನಂಟಿರುವ ಇನ್ನೊಂದು ಜೀನ್ ಫಾಕ್ಸೋ3 ಮಾತ್ರ ದಕ್ಕಲಿಲ್ಲ. ಹವಾಯಿಯ ಜಪಾನಿ ಮೂಲದ ಗಂಡಸರಲ್ಲಿ 2008ರಲ್ಲಿ ಸಿಕ್ಕ, ಆ ಜೀನ್‌ನ ಆರ್‌ಎಸ್2802292 ಅನ್ನುವ ಜಾಗದ ಜಿ ಅಕ್ಷರ ನನ್ನ ಹಿರಿಯರಲ್ಲೂ ಕೂದಲೆಳೆಯಷ್ಟು ಹೆಚ್ಚಿತ್ತು, ಆದರೆ 180 ಜನರಲ್ಲಿ ಅದನ್ನು ನಂಬಲಾರೆ. ಇನ್ನೂ ಅರವತ್ತು ಮನೆಗಳ ಸ್ವಾಬ್ ಫ್ರೀಜರ್‌ನಲ್ಲಿದೆ. ಎಂಜೈಮ್‌ಗೆ ದುಡ್ಡು ಹೊಂದಿದ ದಿನ ಮೊದಲ ಪ್ಲೇಟ್ ಅದರದೇ.