ಕಸೂತಿ ಕೆಲಸಕ್ಕೆ ಸಂಘದ ಸಾಲ: ಎಷ್ಟು ತೆಗೆದುಕೊಳ್ಳಬೇಕು, ಹೇಗೆ ತೀರಿಸಬೇಕು

ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಸಿಗುತ್ತದೆ ಎಂದು ಅಷ್ಟೂ ತೆಗೆದುಕೊಳ್ಳಬೇಡಿ. ಮನೆಯಲ್ಲೇ ಕಸೂತಿ ಹಾಕುವವರಿಗೆ ಮೊದಲ ಸಲ ಸ್ವಸಹಾಯ ಸಂಘದ ಒಳಸಾಲವೇ (ಸಂಘ ತನ್ನ ನಿಧಿಯಿಂದ ಸದಸ್ಯರಿಗೆ ಕೊಡುವ ಸಾಲ) ವಾಸಿ.

ಮೊದಲು ಲೆಕ್ಕ ಬರೆಯಿರಿ. ಕೈಯಲ್ಲಿ ಒಟ್ಟಿಗೆ ಎಂಟು ಸೀರೆ ಇರಬೇಕು, ಒಂದಕ್ಕೆ 1,500 ಎಂದಿಟ್ಟುಕೊಳ್ಳಿ: 12,000. ದಾರ, ಸೂಜಿಗೆ 800. ಅಂದರೆ 13,000 ಸಾಕು. ಗವಂತಿ, ಮುರಗಿ ಎಂಬ ಕಸೂತಿ ಹೊಲಿಗೆಗಳು ತುಂಬಿದ ಸೆರಗಿಗೆ ವಾರಗಟ್ಟಲೆ ಹಿಡಿಯುತ್ತದೆ. ಅಂಗಡಿಯವರೋ ಹಣಕ್ಕೆ ತಿಂಗಳೆರಡು ತಿಂಗಳು ಕಾಯಿಸುತ್ತಾರೆ. ಹಾಗಾಗಿ ಮೊದಲ ಎರಡು ಕಂತಿನ ಹಣವನ್ನು ಸಾಲದಿಂದಲೇ ತೆಗೆದಿಡಬೇಡಿ, ಉಳಿತಾಯದಿಂದ ಇಟ್ಟುಕೊಂಡಿರಿ. ಕಂತು ತಪ್ಪುವುದು ಬಹುತೇಕ ಇಲ್ಲೇ.

ಬಡ್ಡಿ ಕೇಳುವಾಗ "ಶೇಕಡಾ ಎಷ್ಟು" ಎಂದಷ್ಟೇ ಕೇಳಿದರೆ ಸಾಲದು. 20,000 ರೂಪಾಯಿಗೆ ವರ್ಷಕ್ಕೆ ಶೇ. 12ರಂತೆ, ಅಸಲು ಇಳಿದರೂ ಪೂರ್ತಿ ಮೊತ್ತದ ಮೇಲೆಯೇ ಹಾಕಿದರೆ ಬಡ್ಡಿ 2,400. ಉಳಿದ ಅಸಲಿನ ಮೇಲೆ ಮಾತ್ರ ಹಾಕಿದರೆ, 12 ತಿಂಗಳ ಕಂತಿನಲ್ಲಿ ಸುಮಾರು 1,324. ಹೆಸರಿಗೆ ದರ ಒಂದೇ!

ಪ್ರತಿ ಕಂತನ್ನೂ ಪಾಸ್‌ಬುಕ್ಕಿನಲ್ಲಿ ಬರೆಸಿ, ಸಹಿ ಹಾಕಿಸಿ. ಹೊಸ ಕೆಂಪು ದಾರದ ಲಡಿ ತಂದರೆ ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ವಾಪಸ್ ಕೊಡಿ. ಸೀರೆ ಹಾಳಾದರೂ ಅದರ ಕಂತು ನಿಲ್ಲುವುದಿಲ್ಲ.