ಕಂಬಳಿ ಬಿಚ್ಚಿ ನೋಡಬೇಕು: ಮೊದಲ ಆರು ತಿಂಗಳ ಕೂಸಿನ ಬೆಳವಣಿಗೆಯನ್ನು ನಾನು ಗಮನಿಸುವ ಬಗೆ

ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡುವುದು ಆಶಾ ಕಾರ್ಯಕರ್ತೆಯಾಗಿ ನನ್ನ ಕೆಲಸ. ಆಮೇಲೆ ಕೂಸಿಗೆ ಮೂರು ತಿಂಗಳಾದಾಗ ಒಮ್ಮೆ, ಆರು ತಿಂಗಳಾದಾಗ ಒಮ್ಮೆ ಹೋಗುತ್ತೇನೆ. ಯಾವ ವಯಸ್ಸಿಗೆ ಏನು ಬರಬೇಕೆಂದು ತಾಯಿ ಕಾರ್ಡಿನಲ್ಲೇ ಇದೆ. ಆದರೆ ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಬಾಣಂತಿ ಕೋಣೆ ಹಗಲಲ್ಲೂ ಕತ್ತಲು, ಕೂಸು ಕಂಬಳಿಯೊಳಗೆ. ಹಾಗಿದ್ದಾಗ ನೋಡಿ ‘ಕೂಸು ನೋಡ್ತಿಲ್ಲ, ಕೈಕಾಲು ಆಡಿಸ್ತಿಲ್ಲ’ ಎಂದು ಬರೆದುಕೊಂಡರೆ ಅದು ತಪ್ಪು ಲೆಕ್ಕ.

ಎಣ್ಣೆ ಹಚ್ಚಿ ಎರೆದ ಮೇಲೆ ಕೂಸು ಎರಡು ಮೂರು ಗಂಟೆ ಗಾಢವಾಗಿ ಮಲಗುತ್ತದೆ. ಹಸಿದಿದ್ದರೆ ಅಳು ಬಿಟ್ಟು ಬೇರೇನೂ ತೋರಿಸುವುದಿಲ್ಲ. ಅದಕ್ಕೆ ಎರೆಯುವ ಹೊತ್ತು ಮೊದಲೇ ಕೇಳಿಕೊಂಡು, ಹಾಲು ಕುಡಿದು ಮುಕ್ಕಾಲು ಗಂಟೆಯಾದ ಮೇಲೆ ನೋಡುತ್ತೇನೆ. ಕಿಟಕಿಯ ಹತ್ತಿರ ಬೆಚ್ಚಗಿರುವ ಜಾಗದಲ್ಲಿ ಚಾಪೆ, ಅದರ ಮೇಲೆ ಮಡಿಸಿದ ಸೀರೆ. ನನ್ನ ಕೈ ಉಜ್ಜಿ ಬಿಸಿ ಮಾಡಿಕೊಂಡೇ ಕಂಬಳಿ ಬಿಚ್ಚುವುದು. ಹತ್ತು ನಿಮಿಷ ಸಾಕು.

ಮೊದಲು ವಯಸ್ಸಿನ ಲೆಕ್ಕ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ಕಳೆಯಬೇಕು. 33 ವಾರಕ್ಕೆ ಹುಟ್ಟಿದ್ದರೆ 7 ವಾರ ಮುಂಚೆ. 14 ವಾರದ ಲಸಿಕೆಗೆ ಬಂದಾಗಲೂ ಬೆಳವಣಿಗೆಯ ಲೆಕ್ಕದಲ್ಲಿ ಅದು 7 ವಾರದ ಕೂಸು. ಆಗಿನ್ನೂ ನಗದಿದ್ದರೆ ಗಾಬರಿಯಾಗಬೇಕಿಲ್ಲ. ಎರಡು ವರ್ಷದವರೆಗೆ ಹೀಗೇ ಎಣಿಸುತ್ತೇನೆ. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕವೇ; ಅಲ್ಲಿ ವಾರ ಕಳೆದರೆ ಲಸಿಕೆ ತಡವಾಗುತ್ತದೆ. 34 ವಾರಕ್ಕಿಂತ ಮೊದಲು ಹುಟ್ಟಿದ, ಇಲ್ಲವೇ ಎರಡು ಕೆಜಿಗಿಂತ ಕಡಿಮೆ ಇದ್ದ ಕೂಸಿನ ಕಣ್ಣೊಳಗಿನ ಪರದೆಯನ್ನು 30 ದಿನದೊಳಗೆ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು. ಹೊರಗಿನಿಂದ ನೋಡಿದರೆ ಆ ಪರದೆಯ ತೊಂದರೆ ಕಾಣುವುದೇ ಇಲ್ಲ.

ನೋಟಕ್ಕೆ ನನ್ನ ಹತ್ತಿರ ಇರುವುದು ಒಂದು ಕೆಂಪು ಉಲ್ಲನ್ ಉಂಡೆ. ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು, ಕಣ್ಣು ಅದರ ಮೇಲೆ ನಿಂತ ಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಸುತ್ತೇನೆ. ಬೇಗ ಸರಿಸಿದರೆ ಕೂಸು ಕೈಬಿಡುತ್ತದೆ. ಒಂದು ತಿಂಗಳಿಗೆ ಕಣ್ಣು ಪಕ್ಕದಿಂದ ಮುಖದ ನಡುವಿನವರೆಗೆ ಅದರ ಹಿಂದೆ ಬರುತ್ತದೆ, ಎರಡಕ್ಕೆ ನಡು ದಾಟಿ, ಮೂರು ನಾಲ್ಕಕ್ಕೆ ಈ ಕಿವಿಯಿಂದ ಆ ಕಿವಿಯವರೆಗೆ. ಈ ನಡುವೆ, ಆರರಿಂದ ಎಂಟು ವಾರಕ್ಕೆ, ಮುಖ ನೋಡಿ ನಗು ಬರುತ್ತದೆ. ನಿದ್ದೆಯಲ್ಲಿ ನಗುವುದು ಲೆಕ್ಕಕ್ಕಿಲ್ಲ.

ಕಿವಿಯ ಪರೀಕ್ಷೆಗೆ ಮಳೆ ನಿಂತ ಹೊತ್ತೇ ಬೇಕು. ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಗಿಲಕಿ ಆಡಿಸಿ ಪ್ರಯೋಜನವಿಲ್ಲ. ಕೂಸಿಗೆ ಕಾಣದಂತೆ ಕಿವಿಯ ಪಕ್ಕ ಮೆಲ್ಲಗೆ ಆಡಿಸಿದಾಗ ಕಣ್ಣು ಅರಳಿದರೂ, ಕೈಕಾಲು ತಟ್ಟನೆ ನಿಂತರೂ ಅದು ಉತ್ತರವೇ. ನಾಲ್ಕೈದು ತಿಂಗಳಿಗೆ ತಲೆ ತಿರುಗಬೇಕು. ಚಪ್ಪಾಳೆ ಬೇಡ, ಅದರ ಗಾಳಿ ಕೆನ್ನೆಗೆ ತಾಗಿದರೂ ಕೂಸು ಬೆಚ್ಚುತ್ತದೆ. ಬಾಗಿಲು ಬಡಿದರೆ ಬೆಚ್ಚುವ ಕೂಸಿಗೂ ಮಾತಿನ ದನಿ ಕೇಳಿಸದೆ ಇರಬಹುದು. ಹಾಗಾಗಿ ಹುಟ್ಟಿದ ಒಂದು ತಿಂಗಳೊಳಗೆ ಆಸ್ಪತ್ರೆಯ ಯಂತ್ರದಲ್ಲಿ ಕಿವಿ ಪರೀಕ್ಷೆ ಆಗಿದೆಯೇ ಎಂದು ಪ್ರತಿ ಮನೆಯಲ್ಲೂ ಕೇಳುತ್ತೇನೆ.

ಹೆಚ್ಚು ಮೋಸ ಹೋಗುವುದು ಕತ್ತಿನ ವಿಷಯದಲ್ಲಿ. ಬೋರಲು ಮಲಗಿಸಿದಾಗ ಎರಡು ತಿಂಗಳಿಗೆ ಗಲ್ಲ ಎತ್ತುತ್ತದೆ, ಮೂರಕ್ಕೆ ಮೊಣಕೈ ಊರಿ ಎದೆ ಎತ್ತುತ್ತದೆ. ಮುಂಗೈ ಹಿಡಿದು ನಿಧಾನವಾಗಿ ಕೂರುವಂತೆ ಎಳೆದರೆ ಮೊದಲ ವಾರಗಳಲ್ಲಿ ತಲೆ ಪೂರಾ ಹಿಂದೆ ಬೀಳುತ್ತದೆ, ಮೂರಕ್ಕೆ ಸ್ವಲ್ಪ ಹಿಂದೆ ಉಳಿಯುತ್ತದೆ, ನಾಲ್ಕೈದಕ್ಕೆ ಮೈ ಜೊತೆಗೇ ಬರುತ್ತದೆ. ದಿನವಿಡೀ ಜೋಲಿಯಲ್ಲೇ ಇರುವ ಕೂಸಿಗೆ ಊರಲು ಗಟ್ಟಿ ನೆಲವೇ ಸಿಗುವುದಿಲ್ಲ, ಅದರ ಕತ್ತು ತಡ. ಎಚ್ಚರವಿದ್ದಾಗ ದಿನಕ್ಕೆ ಮೂರು ಸಲ, ಸಲಕ್ಕೆ ಮೂರರಿಂದ ಐದು ನಿಮಿಷ ಚಾಪೆಯ ಮೇಲೆ ಬೋರಲು ಹಾಕಿ, ಎದುರಿಗೆ ಅಮ್ಮನೇ ಮಲಗಿ ಮಾತಾಡಲಿ. ಹಾಲು ಕುಡಿದ ಕೂಡಲೇ ಬೇಡ, ಕಕ್ಕುತ್ತದೆ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ.

‘ಎರಡು ತಿಂಗಳಿಗೇ ಕತ್ತು ಗಟ್ಟಿಯಾಗಿದೆ ಮಾರಾಯ್ತಿ’ ಎಂದು ಅಜ್ಜಿ ಖುಷಿಪಟ್ಟರೆ ನಾನು ಇನ್ನೂ ಹೆಚ್ಚು ಹೊತ್ತು ನೋಡುತ್ತೇನೆ. ಎತ್ತಿಕೊಂಡಾಗ ತಲೆ ಹಿಂದಕ್ಕೆ ಸೆಟೆದು, ಬೋರಲು ಹಾಕಿದಾಗ ತಲೆ ಏಳದೆ, ಹೆಬ್ಬೆರಳು ಮುಷ್ಟಿಯೊಳಗೇ ಸಿಕ್ಕಿ, ಲಂಗೋಟಿ ಕಟ್ಟುವಾಗ ತೊಡೆ ಬಿಡಿಸಲು ಕಷ್ಟವಾದರೆ ಅದು ಬಲವಲ್ಲ, ಬಿಗಿತ. ಮುಷ್ಟಿ ಮೂರು ತಿಂಗಳಿಗೆ ಸಾಮಾನ್ಯವಾಗಿ ಬಿಚ್ಚಿರಬೇಕು. ನಾಲ್ಕೈದಕ್ಕೆ ಎರಡೂ ಕೈ ಚಾಚುತ್ತದೆ. ಒಂದೇ ಕೈ ಬಳಸಿದರೆ ‘ಎಡಚ’ ಎಂದು ಬಿಡಬೇಡಿ, ವರ್ಷದೊಳಗೆ ಕೈ ಆರಿಸಿಕೊಳ್ಳುವುದು ಸಹಜವಲ್ಲ.

ಮಾತು ಚೆನ್ನಾಗಿ ಬರಲೆಂದು ಬಜೆ ತೇಯ್ದು ನೆಕ್ಕಿಸುವುದನ್ನು, ಜೇನು ಮುಟ್ಟಿಸುವುದನ್ನು ಬೇಡವೆಂದು ನೇರವಾಗಿ ಹೇಳುತ್ತೇನೆ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ಡಾಕ್ಟರು ಬರೆದುಕೊಟ್ಟ ಹನಿ ಔಷಧಿ ಬಿಟ್ಟು. ಕೂಸು ‘ಊಂ’ ಎಂದಾಗ ತಿರುಗಿ ‘ಊಂ’ ಎನ್ನಿ, ಮಾತಿಗೆ ಬೇಕಾದದ್ದು ಅದು.

ಮೂರು ತಿಂಗಳು ತುಂಬಿದರೂ ಮುಖ ನೋಡಿ ನಗದಿದ್ದರೆ, ಐದು ತುಂಬಿದರೂ ಕತ್ತು ನಿಲ್ಲದಿದ್ದರೆ, ಬಂದಿದ್ದ ಆಟ ಹೋದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕಳಿಸುತ್ತೇನೆ. ಒಂದಕ್ಕೆ ಮಾತ್ರ ಅದೇ ದಿನ ಹೊರಡಿಸುತ್ತೇನೆ: ನಿದ್ದೆಯಿಂದ ಏಳುವಾಗ ಕೂಸು ತಟ್ಟನೆ ತಲೆ ಬಗ್ಗಿಸಿ ಕೈ ಚಾಚಿ, ಕೆಲವು ಸೆಕೆಂಡು ಬಿಟ್ಟು ಮತ್ತೆ ಮತ್ತೆ ಹಾಗೇ ಮಾಡಿದರೆ. ಮನೆಯವರು ಬೆಚ್ಚಿದೆ, ಹೊಟ್ಟೆನೋವು ಅಂದುಕೊಳ್ಳುತ್ತಾರೆ. ಅದು ಒಂದು ಬಗೆಯ ಫಿಟ್ಸ್ ಇರಬಹುದು, ಹೆಚ್ಚಾಗಿ ಮೂರರಿಂದ ಎಂಟು ತಿಂಗಳ ನಡುವೆ ಶುರುವಾಗುತ್ತದೆ, ತಡವಾದಷ್ಟೂ ಮಿದುಳಿಗೆ ಪೆಟ್ಟು. ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಕೂಸು ಹಾಗೆ ಮಾಡದೆ ಇರಬಹುದು, ಆದ್ದರಿಂದ ಮೊಬೈಲಿನಲ್ಲಿ ಮುಖ, ಎರಡೂ ಕೈ ಕಾಣುವಂತೆ ಒಂದು ನಿಮಿಷದ ವಿಡಿಯೊ ತೆಗೆದುಕೊಂಡೇ ಹೊರಡಿ.