ಒಂದು ಕಾಯಿಯಲ್ಲಿ ಎರಡು ದಿನ

ಕಾರವಾರದ ನಮ್ಮ ಬಾಡಿಗೆ ಮನೆಯಲ್ಲಿ ಊಟಕ್ಕೆ ಕೂರುವವರು ಐದು ಜನ: ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ಅತ್ತೆ. 2025ರಲ್ಲಿ ನಮ್ಮ ಮನೆಯವರ ಕೆಲಸ ತಿಂಗಳಿಗೆ ಹದಿನೈದು ದಿನಕ್ಕೆ ಇಳಿದಾಗ, ಹಾಲು ಮತ್ತು ಗ್ಯಾಸ್ ಬಿಟ್ಟು ಉಳಿದ ಅಡುಗೆ ಖರ್ಚನ್ನೆಲ್ಲ 6,000 ರೂಪಾಯಿಯೊಳಗೆ ಮುಗಿಸಲೇಬೇಕಾಯಿತು. ಎಲ್ಲಿ ಹಿಡಿತ ಮಾಡಬೇಕೆಂದು ತಿಳಿಯದೆ, ಒಂದು ತಿಂಗಳು ಪೂರ್ತಿ ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟೆ. ಅಕ್ಕಿ ಹೇಗೂ ಪಡಿತರದ್ದು. ಬೇಳೆಯೂ ನಾನು ಅಂದುಕೊಂಡಿದ್ದಷ್ಟು ಭಾರವಾಗಿರಲಿಲ್ಲ. ಆದರೆ ತೆಂಗಿನಕಾಯಿ ಆ ತಿಂಗಳು 34 ಖರ್ಚಾಗಿತ್ತು. ಅದು ಕಾಯಿಯ ದರ ಏರಿದ್ದ ವರ್ಷ. ಮಧ್ಯಮ ಗಾತ್ರದ ಒಂದು ಕಾಯಿಗೆ 50 ರೂಪಾಯಿ ಕೊಟ್ಟು ತಂದದ್ದೂ ಉಂಟು. ಬೇರೆ ಊರಿನವರು ಹೇಳುವ ಮಿತವ್ಯಯದ ಅಡುಗೆ ನಮಗೆ ಹೊಂದದಿರುವುದು ಇದೇ ಕಾರಣಕ್ಕೆ: ಕರಾವಳಿಯ ಅಡುಗೆಮನೆಯಲ್ಲಿ ಹಣ ಸೋರುವುದು ತುರಿಮಣೆಯ ಹತ್ತಿರ.

ಮೊದಲ ಪ್ರಯತ್ನ ಕೆಟ್ಟೇ ಹೋಯಿತು. ಬಂಗಡೆ ಸಾರಿಗೆ ಅರ್ಧ ಕಡಿ ಕಾಯಿ (ಒಡೆದ ಕಾಯಿಯ ಒಂದು ಹೋಳೇ ಒಂದು ಕಡಿ) ಹಾಕಿ, ದಪ್ಪ ಬರಲೆಂದು ಒಂದು ಮುಷ್ಟಿ ಪುಟಾಣಿ (ಹುರಿಗಡಲೆ) ಸೇರಿಸಿ ರುಬ್ಬಿದೆ. ಕುದಿಯತೊಡಗಿದ ಐದು ನಿಮಿಷಕ್ಕೆ ಸಾರು ಸೌಟಿಗೆ ಅಂಟಿಕೊಂಡಿತು, ಮೀನಿನ ರುಚಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅತ್ತೆ ಒಂದು ತುತ್ತು ಉಂಡು, "ತಂಗೀ, ಇದು ಸಾರೋ ಗೋಂದೋ?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅವರೇ ಆಮೇಲೆ ದಾರಿ ತೋರಿಸಿದರು. ಆರು ಬಂಗಡೆಗೆ ಒಂದು ಕಡಿ ಕಾಯಿ ಸಾಕು, ಆದರೆ ಅದರ ಜೊತೆ ಅರ್ಧ ಗಂಟೆ ನೆನೆಸಿದ ಒಂದೇ ಒಂದು ಚಮಚ ಅಕ್ಕಿ, ಎಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಮತ್ತು ಅರಿಶಿನವನ್ನು ಹಾಕಿ, ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬಬೇಕು. ನಾನು ಮೊದಲು ಅವಸರದಲ್ಲಿ ತರಿತರಿಯಾಗಿ ರುಬ್ಬುತ್ತಿದ್ದೆ. ಹಾಗೆ ರುಬ್ಬಿದ ಕಾಯಿ ಹಾಲು ಬಿಡದೆ ಪಾತ್ರೆಯ ತಳದಲ್ಲಿ ಕೂರುತ್ತದೆ, ಸಾರು ತೆಳ್ಳಗಾಯಿತೆಂದು ಮತ್ತೆ ಕಾಯಿ ಸುರಿಯುವಂತಾಗುತ್ತದೆ. ಮಿಕ್ಸರ್ ಜಾರು ತೊಳೆದ ನೀರನ್ನೂ ಸಾರಿಗೇ ಹಾಕಿ, ಹುಳಿಗೆ ನಾಲ್ಕು ಮುರುಗಲು ಸಿಪ್ಪೆ ಮತ್ತು ಘಮಕ್ಕೆ ಜಜ್ಜಿದ ಜುಮ್ಮಿನಕಾಯಿ ಸೇರಿಸಿ ಕುದಿಸಿ, ಮೀನನ್ನು ಕೊನೆಗೆ ಬಿಡುತ್ತೇನೆ. ಕಾಯಿ ಒಡೆದ ದಿನ ಕಣ್ಣಿರುವ ಕಡಿಯನ್ನು ಮೊದಲು ಬಳಸಬೇಕೆಂಬುದನ್ನೂ ಕಲಿಸಿದರು, ಏಕೆಂದರೆ ಬೇಗ ಕೆಡುವುದು ಅದೇ. ಇನ್ನೊಂದು ಕಡಿ ಫ್ರಿಜ್‌ನಲ್ಲಿ ಮರುದಿನದವರೆಗೆ ಆರಾಮವಾಗಿ ಉಳಿಯುತ್ತದೆ.

ವಾರಕ್ಕೆ ಎರಡು ದಿನ ಕಾಯಿಯನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಅವುಗಳಲ್ಲಿ ಒಂದು ಹುರುಳಿಯ ದಿನ. ರಾತ್ರಿ ನೆನೆಸಿದ ಒಂದು ಲೋಟ ಹುರುಳಿಯನ್ನು ಆರು ಲೋಟ ನೀರಿನಲ್ಲಿ ಬೇಯಿಸಿ ಬಸಿದರೆ, ಆ ಕಟ್ಟಿನ ನೀರಿಗೆ ಬೆಳ್ಳುಳ್ಳಿ, ಹುಣಸೆ, ಮೆಣಸಿನ ಒಗ್ಗರಣೆ ಬಿದ್ದು ಸಾರಾಗುತ್ತದೆ, ಕಾಳು ಉಸಲಿಯಾಗುತ್ತದೆ. ಒಂದೇ ಗ್ಯಾಸಿನಲ್ಲಿ ಎರಡು ಪದಾರ್ಥ. ಇನ್ನೊಂದು ದಿನ ತಂಬುಳಿ, ಇದನ್ನು ಕಲಿತದ್ದು ಶಿರಸಿ ಕಡೆಯಿಂದ ಬಂದ ಪಕ್ಕದ ಮನೆಯ ಅಕ್ಕನಿಂದ. ಹಿತ್ತಿಲ ಬಚ್ಚಲು ನೀರಿನ ಕಾಲುವೆಯಂಚಿನಲ್ಲಿ ತಾನಾಗಿ ಹಬ್ಬಿದ್ದ ಒಂದೆಲಗವನ್ನು ನಾನು ಅಲ್ಲಿಯವರೆಗೆ ಕಳೆಯೆಂದೇ ತಿಳಿದಿದ್ದೆ. (ಬಚ್ಚಲು ನೀರಿನ ಗಿಡದಿಂದ ಎಲೆ ಕೊಯ್ಯಬೇಡ ಎಂದು ಅವರು ಬೈದು, ಬಳ್ಳಿಯನ್ನು ಕುಂಡಕ್ಕೆ ನೆಡಿಸಿದರು.) ಒಂದು ಮುಷ್ಟಿ ಎಲೆಗೆ ಎರಡೇ ಚಮಚ ಕಾಯಿತುರಿ, ತುಪ್ಪದಲ್ಲಿ ಹುರಿದ ಜೀರಿಗೆ ಮತ್ತು ಕಾಳುಮೆಣಸು ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸಿದರೆ ಐದು ಜನರ ಅನ್ನ ಕಲಸಲು ಸಾಕಾಗುತ್ತದೆ.

ಮೀನನ್ನು ಬಿಡುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಪಾಪ್ಲೆಟ್, ಇಸ್ವಾಣದಂಥ ದುಬಾರಿ ಮೀನಿನ ಕಡೆ ನೋಡದೆ, ಮೀನು ಮಾರುವವರು ಮನೆಗೆ ಹೊರಡುವ ಸಂಜೆಯ ಹೊತ್ತಿಗೆ ಹೋಗಿ, ಉಳಿದ ತಾರ್ಲೆಯನ್ನೋ (ಬೂತಾಯಿ) ಬಂಗಡೆಯನ್ನೋ ತರುತ್ತೇನೆ. ಆದರೆ ಕಿವಿರು ಕೆಂಪಾಗಿರದಿದ್ದರೆ ಎಷ್ಟು ಅಗ್ಗವಾದರೂ ಬರಿಗೈಯಲ್ಲಿ ಹಿಂದಿರುಗುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಆ 61 ದಿನಗಳಿಗೆಂದು ಮೇ ತಿಂಗಳಲ್ಲೇ ಒಣ ಶೆಟ್ಲಿ (ಸಿಗಡಿ) ಕೊಂಡು, ಇನ್ನೊಮ್ಮೆ ಬಿಸಿಲು ತೋರಿಸಿ ಡಬ್ಬಿಗೆ ತುಂಬಿಡುತ್ತೇನೆ. ಬೇಲಿಯ ಬಸಳೆಗೆ ಅದರ ಒಂದು ಮುಷ್ಟಿ ಬಿದ್ದರೆ ಮಕ್ಕಳು ಬೇರೇನೂ ಕೇಳುವುದಿಲ್ಲ.

ಮೂರನೆಯ ತಿಂಗಳಿಗೆ ಕಾಯಿಯ ಲೆಕ್ಕ 17ಕ್ಕೆ ಇಳಿಯಿತು. ಭಾನುವಾರ ಮಾತ್ರ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಅತ್ತೆ ತುರಿಮಣೆ ಹಾಕಿಕೊಂಡು ಕುಳಿತಿರುತ್ತಾರೆ. ಅಂದು ಇಡೀ ಕಾಯಿ ಖರ್ಚಾಗುತ್ತದೆ, ಅದನ್ನೂ ಸೇರಿಸಿಯೇ ಈ 17.